ನಿಂಬೆರಸ ತಿಂದ ಥ್ರೆಡ್

ಅಕ್ಟೋಬರ್ 6, ಸೋಮವಾರ

ಇವರಿಗೆ ಅಂಗಿ ಬಟನ್ ಹಾಕಿಕೊಟ್ಟೆ. ಇವತ್ತೂ ಬೈಸಿಕೊಂಡೆ. ರಂಜಾನ್ ಮುಗಿದ ಮೇಲೆ ಲಕ್ವ ಹೊಡೆದದ್ದು, ಬಲಗೈಗೆ ಇನ್ನೂ ಹಿಡಿತ ಬಂದಿಲ್ಲ. ನಮ್ಮ ಯಜಮಾನರ ಬಾಯಿಗೆ ಮಾತ್ರ ಏನೂ ಆಗಿಲ್ಲ!

ಮುಂದಿನ ರೂಮಿನ ಕೋವಿ ರಿಪೇರಿ ಅಂಗಡಿ ಇವತ್ತು ಮತ್ತೆ ತೆಗೆದರು. ಬೇಡ ಅಂದೆ. ಕೇಳುವವರೇ?

ತಾಯಲೂರಿನ ಕದಿರೇಶ ಬಂದಿದ್ದ. ಅವರಪ್ಪನ ರೈಫಲ್, ಲೈಸೆನ್ಸ್ ಈಗ ಇವನ ಹೆಸರಿಗೆ. ಬ್ಯಾರಲ್ ತುಕ್ಕು ಹಿಡಿದಿದೆ, ಹೊಸದು ತಂದಿದ್ದಾನೆ, ಕೂರಿಸಬೇಕಂತೆ. ಬ್ಯಾರಲ್ ಕೋವಿಯ ಬಾಡಿಯೊಳಗೆ ಸೇರುವ ಕಡೆ ಅರಿಶಿನ, ಕುಂಕುಮ ಮೆತ್ತಿ ಕಲ್ಲಾಗಿದೆ. ವರ್ಷವರ್ಷ ಆಯುಧಪೂಜೆಗೆ ಅವರಮ್ಮ ಅಲ್ಲೇ ನಿಂಬೆಹಣ್ಣು ಹಿಂಡುತ್ತಾರಂತೆ.

"ಅಮ್ಮಂಗೆ ಹೇಳೋಕಾಗುತ್ತಾ ಲಿಯಾಖತಣ್ಣ? ಕೋವಿಗೆ ದೃಷ್ಟಿ ಆಗ್ಬಾರ್ದು ಅಂತಾಳೆ."

ಇವರು ತಲೆ ಚಚ್ಚಿಕೊಂಡರು. ನನಗೆ ನಗು. ಎಷ್ಟು ದಿನವಾಯಿತು ಇವರು ಹೀಗೆ ಚಚ್ಚಿಕೊಂಡು…

ಅಕ್ಟೋಬರ್ 8, ಬುಧವಾರ

ಎಣ್ಣೆ ಬಿಟ್ಟು ನೆನೆಸಿದ್ದರು. ಇವತ್ತು ಮೇಜಿನ ಮೇಲಿನ ಇಕ್ಕಳ, ಅದೇ ವೈಸಿಗೆ ಕಚ್ಚಿಸಿ ಹಳೆ ಬ್ಯಾರಲ್ ಬಿಚ್ಚಿದರು. ನಾನು ಹಿಡಿಯಲೇ ಅಂದರೆ ಕಣ್ಣು ಬಿಟ್ಟರು. ಬಾಡಿಯೊಳಗಿನ ಥ್ರೆಡ್ಡಿನ, ಅಂದರೆ ತಿರುಪಿನ ಗೆರೆಯ, ಮೊದಲ ಸುತ್ತು ನಿಂಬೆಹುಳಿಗೆ ಕರಗಿ ಪುಡಿಪುಡಿ. ಉಳಿದದ್ದು ಗಟ್ಟಿ.

ಊಟಕ್ಕೆ ಕರೆಯೋಣ ಅಂತಿದ್ದೆ, ಕಡ್ ಅಂತ ಸದ್ದು. ಕೂರಿಸುವಾಗ ಕೈ ಜಾರಿ ಹೊಸ ಬ್ಯಾರಲ್ ಓರೆಯಾಗಿ ಕಚ್ಚಿಕೊಂಡಿದೆ. ಹೇಗೋ ತೆಗೆದರೆ, ಅದರ ಥ್ರೆಡ್ಡಿನ ತುದಿಯೂ ಹಾಳು.

ಕದಿರೇಶನಿಗೆ ಫೋನ್ ಮಾಡಿ ನಿಜ ಹೇಳಿದರು. ಅವನು ಬೈಯಲಿಲ್ಲ, ನಿಧಾನಕ್ಕೆ ನೋಡಿ ಅಣ್ಣ ಅಂದನಂತೆ. ಅದೇ ಇವರಿಗೆ ಹೆಚ್ಚು ಚುಚ್ಚಿತು. ಶಟರ್ ಎಳೆದರು.

"ಹಜೀರಾ, ಇನ್ನು ಸಾಕು. ಅಂಗಡಿ ಮುಚ್ಚಿಬಿಡ್ತೀನಿ."

ಊಟ ಮುಟ್ಟಲಿಲ್ಲ. ಕೈ ಹೋದದ್ದಕ್ಕೆ ನಾನು ಇಷ್ಟು ಹೆದರಿರಲಿಲ್ಲ. ಈ ಮಾತಿಗೆ ಹೆದರಿದೆ. ಕೆಲಸ ಬಿಟ್ಟರೆ ಈ ಮನುಷ್ಯ ಉಳಿಯುವುದಿಲ್ಲ.

ಅಕ್ಟೋಬರ್ 12, ಭಾನುವಾರ

ಮೂರು ದಿನ ಗೋಡೆ ನೋಡುತ್ತಾ ಕೂತೇ ಇದ್ದರು. ಬೈಗುಳವೂ ಇಲ್ಲ. ಬೈದರೆ ಸಾಕು ಅನಿಸಿಬಿಟ್ಟಿತು. ಥೂ, ಎಂಥ ಹೆಂಗಸು ನಾನು!

ಬೆಳಿಗ್ಗೆ ನಾನೇ ಹೋಗಿ ಶಟರ್ ಎತ್ತಿದೆ. ರೈಫಲ್ ಬಾಡಿ ಮುಂದೆ ನಿಂತು ಇವರನ್ನು ಕೂಗಿದೆ. ಬಂದು ನೋಡಿದರು. ನಿನಗೆ ಬರಲ್ಲ ಅಂದರು.

"ಬರಲ್ಲ. ನಿಮಗೆ ಬರುತ್ತಲ್ಲ, ಹೇಳ್ರೀ."

ಸ್ಟೂಲ್ ಎಳೆದು ಕೂತರು. ಆಮೇಲೆ ಡ್ರಾಯರಿನಿಂದ ಮೂರು ಮೂಲೆಯ ಸಣ್ಣ ಅರ ತೆಗೆದುಕೊಟ್ಟರು. ಬ್ಯಾರಲ್ಲಿನ ಥ್ರೆಡ್ಡಿನ ಮಡಚಿಕೊಂಡ ತುದಿ ಉಜ್ಜಿದೆ. ಒತ್ತಬೇಡ, ಅರ ತಾನೇ ದಾರಿ ಹಿಡಿಯುತ್ತೆ ಅಂದರು. ಬಾಡಿಯೊಳಗಿನ ಪುಡಿ ಬ್ರಶ್ಶಿನಲ್ಲಿ ತೆಗೆಸಿದರು. ಎರಡು ಸಲ "ಕತ್ತೆ" ಅಂದರು. ಎಷ್ಟು ಹಿತವಾಯಿತು.

ಕೂರಿಸುವಾಗ, ಮೊದಲು ಉಲ್ಟಾ ತಿರುಗಿಸು ಅಂದರು. ಸುತ್ತು ತನ್ನ ಜಾಗಕ್ಕೆ ಇಳಿದ ಮೇಲೆ ಸೀದಾ. ಉಪ್ಪಿನಕಾಯಿ ಜಾಡಿ ಮುಚ್ಚಳಕ್ಕೆ ನಾನು ಮಾಡುವುದೂ ಅದೇ. ನನ್ನ ಕೈ ಮೇಲೆ ತಮ್ಮ ಬಲಗೈ ಇಟ್ಟರು. ಬಲವಿರಲಿಲ್ಲ, ಬಿಸಿ ಇತ್ತು.

ಟಕ್.

ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಬ್ಯಾರಲ್ ಸರಾಗ ಒಳಗೆ ಹೋಯಿತು. ಅತ್ತುಬಿಟ್ಟೆ. ಎಣ್ಣೆ ಕೈಯಲ್ಲೇ ಕಣ್ಣು ಒರೆಸಿಕೊಂಡು ಉರಿ ಉರಿ.

ನವೆಂಬರ್ 3, ಸೋಮವಾರ

ಥ್ರೆಡ್ಡಿನ ಸುತ್ತು ಒಂದು ಕಮ್ಮಿ, ಪರೀಕ್ಷೆ ಆಗದೆ ಗುರಿ ಹಿಡಿಯಲು ಯಾರ ಕೆನ್ನೆಗೂ ಈ ಕೋವಿ ಹೋಗಕೂಡದು ಅಂತ ಹಟ ಹಿಡಿದು, ಕದಿರೇಶನ ಕೈಲೇ ಬೆಂಗಳೂರಿನ ಪರಿಚಯದ ಕೋವಿ ರಿಪೇರಿಯವರ ಹತ್ತಿರ ಕಳಿಸಿದ್ದರು. ಅಳತೆ ನೋಡಿ, ಗುಂಡು ಹೊಡೆದು, ಸರಿ ಇದೆ ಅಂದರಂತೆ. ಅದನ್ನು ಹೇಳಿ ಹೋಗಲು ಬಂದ ಕದಿರೇಶ, ಮಾವಿನಹಣ್ಣಿನ ಕಾಲವಲ್ಲವಲ್ಲ ಅಂತ ಪೇಚಾಡುತ್ತಾ ಟೊಮೆಟೊ ತಂದಿದ್ದ. ಇನ್ನು ಮೇಲೆ ನಿಂಬೆಹಣ್ಣು ಟ್ರ್ಯಾಕ್ಟರಿನ ಚಕ್ರಕ್ಕೆ ಮಾತ್ರ ಅಂತ ಇವರು ಅವನಮ್ಮನಿಗೆ ಹೇಳಿಕಳಿಸಿದರು.

ಅವನು ಹೋದ ಮೇಲೆ ಅಂಗಡಿ ಮುಚ್ಚುವ ಮಾತು ಇವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಭಯ.

ನವೆಂಬರ್ 10, ಸೋಮವಾರ. ಬೆಳಿಗ್ಗೆ

ಹಿಟ್ಟು ಕಲಸಿಟ್ಟು ಬರೆಯುತ್ತಾ ಕೂತಿದ್ದೇನೆ. ಕಿವಿ ಮಾತ್ರ ಅಂಗಡಿ ಕಡೆ. ಶ್ರೀನಿವಾಸಪುರದಿಂದ ಯಾರೋ ಕೋವಿ ತಂದಿದ್ದಾರೆ. ಕೈ ಹಿಂಗಾಗಿದೆಯಲ್ಲ, ಆಗುತ್ತಾ ಸಾಬ್ರೇ ಅಂತ ಕೇಳುತ್ತಿದ್ದಾರೆ. ಸ್ಟೂಲ್ ಸರಿದ ಸದ್ದು… ಯಾ ಅಲ್ಲಾ, ಆಗಲ್ಲ ಅಂದುಬಿಟ್ಟರೆ…

ಎದ್ದು ಬಂದರು. ನನ್ನ ಕಡೆ ನೋಡಲಿಲ್ಲ. ನಡುಮನೆಯಲ್ಲಿದ್ದ ಕುರ್ಚಿಯನ್ನು ಎಡಗೈಯಲ್ಲೇ ದರದರ ಎಳೆದುಕೊಂಡು ಹೋಗಿ ವೈಸಿನ ಪಕ್ಕ ಹಾಕಿದರು, ತಮ್ಮ ಸ್ಟೂಲಿಗೆ ಒತ್ತಿಸಿ.

"ಹಜೀರಾ, ಬಾ ಇಲ್ಲಿ. ಕೆಲಸ ಬಂದಿದೆ."

ಬಂದೆ ರೀ, ಹಿಟ್ಟು ಮುಚ್ಚಿಟ್ಟು—