ಗೆದ್ದವರ ಕಥೆ ಬೇಕಿತ್ತಂತೆ

ಹಾಸ್ಟೆಲ್
ಅಕ್ಟೋಬರ್ ೧೯, ಭಾನುವಾರ

ಪ್ರೀತಿಯ ಅಮ್ಮ,

ಹೇಗಿದ್ದೀಯ? ಊಟ ಸೇರುತ್ತಿದೆಯೇ? ಗಾರ್ಮೆಂಟ್ಸ್ ಕೆಲಸ ಬಿಟ್ಟ ಮೇಲೆ ಹಗಲೆಲ್ಲ ಹೇಗೆ ಕಳೆಯುತ್ತೀಯೋ ಎಂದು ನನಗೆ ಟೆನ್ಷನ್. ತಡವಾಗಿ ಬರೆಯುತ್ತಿದ್ದೇನೆ, ಸಾರಿ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಅಳು ಬಂದು ಫೋನ್ ಇಟ್ಟುಬಿಡುತ್ತೇನೆ, ಅದಕ್ಕೇ ಕಾಗದ. ಹಾಸ್ಟೆಲ್ ಕನ್ನಡ, ತಪ್ಪಿದ್ದರೆ ನಗು, ಬೈಯಬೇಡ.

ಮೊನ್ನೆ ಕಾಲೇಜಿಗೆ ಒಂದು ಫೇಸ್ ಕ್ರೀಮ್ ಕಂಪನಿಯವರು ಬಂದಿದ್ದರು. ಸ್ತನ ಕ್ಯಾನ್ಸರ್ ಜಾಗೃತಿ ದಿನವಂತೆ. ಎಲ್ಲರಿಗೂ ಗುಲಾಬಿ ಟೀ ಶರ್ಟು, ಗುಲಾಬಿ ಬಲೂನು. ಒಂದು ಡಬ್ಬಿ ಕ್ರೀಮ್ ಕೊಂಡರೆ ಅದರಲ್ಲಿ ಒಂದು ಪಾಲು ರೋಗಿಗಳಿಗಂತೆ. ಎಷ್ಟು ಪಾಲು, ಯಾವ ಆಸ್ಪತ್ರೆಗೆ ಎಂದು ಕೇಳಿದೆ. ಅವರ ಮೇಡಂ ನಕ್ಕು, “ಡೀಟೇಲ್ಸ್ ಎಲ್ಲಾ ವೆಬ್‌ಸೈಟಲ್ಲಿದೆ ಕಣಮ್ಮಾ,” ಎಂದರು. ನೋಡಿದೆ. ಅಲ್ಲೂ ಬಲೂನುಗಳೇ.

ನನ್ನ ರೂಮ್‌ಮೇಟಿಗೆ ಬಾಯಿ ಸುಮ್ಮನಿರುವುದಿಲ್ಲವಲ್ಲ. “ಇವಳ ಅಮ್ಮಂಗೂ ಅದೇ ಮೇಡಂ, ಇವಳು ಮಾತಾಡ್ತಾಳೆ,” ಎಂದು ನನ್ನನ್ನು ಮುಂದೆ ತಳ್ಳಿದಳು.

“ಈಗ ಪೂರ್ತಿ ಹುಷಾರಾಗಿದಾರೆ ತಾನೇ?” ಮೇಡಂ ಕಣ್ಣರಳಿಸಿದರು.

ಮೂಳೆಗೂ ಹರಡಿದೆ ಎಂದೆ.

“ಅಯ್ಯೋ ಪಾಪ. ಸ್ಟೇಜ್ ಮೇಲೆ ಗೆದ್ದವರ ಕಥೆ ಬೇಕಿತ್ತು ಪುಟ್ಟಾ. ನೀನು ಬಲೂನ್ ಹಿಡ್ಕೋ, ಆಯ್ತಾ?”

ಹಿಡಿದುಕೊಂಡೆ ಅಮ್ಮ. ಫೋಟೋದಲ್ಲಿ ನಾನೂ ಹಲ್ಲು ಕಿರಿದಿದ್ದೇನೆ. ಆಮೇಲೆ ಅವರ ಭಾಷಣ: ತಡ ಮಾಡಿದರೆ ಅದು ನಮ್ಮದೇ ತಪ್ಪು, ಹೆಂಗಸರು ತಮ್ಮನ್ನು ತಾವು ಪ್ರೀತಿಸಬೇಕು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಒಂದು ಕೈಯಲ್ಲಿ ಬಲೂನಿತ್ತು, ಪುಣ್ಯ.

ಮಾತ್ರೆ ತಪ್ಪಿಸಬೇಡ. ಚಿಕ್ಕಮ್ಮನಿಗೆ ಕೇಳಿದೆ ಎಂದು ಹೇಳು. ನನ್ನ ತಲೆ ಸವರಿದೆ ಅಂದುಕೊಂಡು ಮಲಗು. ನಾನೂ ಹಾಗೇ ಅಂದುಕೊಳ್ಳುತ್ತೇನೆ.

ನಿನ್ನ
ಇಲಿಮರಿ

ತಾ.ಕ.: ಇಷ್ಟು ತಡ ಯಾಕೆ ಎಂದು ಡಾಕ್ಟರ್ ಕೇಳಿದಾಗ ನೀನು “ಹೆದರಿಕೆ ಆಯ್ತು” ಎಂದಿದ್ದೆ. ನಿನ್ನೆ ಫೋನಿನಲ್ಲಿ ಆ ಕ್ರೀಮ್ ಕಂಪನಿಯ ಹೆಸರು ಹೇಳಿದ ಕೂಡಲೇ, ಗಾರ್ಮೆಂಟ್ಸಿನಲ್ಲಿ ನಿನ್ನ ಜೊತೆಗೇ ಹೊಲಿಯುತ್ತಿದ್ದ ಚಿಕ್ಕಮ್ಮ ಅತ್ತುಬಿಟ್ಟಳು. “ಹೋದ ವರ್ಷ ಅವರ ಗುಲಾಬಿ ಅಂಗಿ ಹೊಲಿದದ್ದು ನಾವೇ ಕಣೇ. ಎದೇಲಿ ಗಂಟಿದೆ, ಆಸ್ಪತ್ರೆಗೆ ಹೋಗ್ಬೇಕು ಅಂತ ನಿಮ್ಮಮ್ಮ ಕೇಳ್ಕೊಂಡ್ಳು. ಆರ್ಡರ್ ಮುಗಿಯೋವರೆಗೂ ರಜೆ ಇಲ್ಲ ಅಂದ ಸೂಪರ್‌ವೈಸರ್. ಅದು ಮುಗಿದ್ರೆ ಇನ್ನೊಂದು ಬಂತು.”

ಅಪ್ಪ, ಅತ್ತೆ, ಡಾಕ್ಟರ್, ಎಲ್ಲರೂ ನಿನ್ನನ್ನೇ ಬೈದರು. ನೀನು ಬೈಸಿಕೊಂಡು ಕೂತೆ. ಇನ್ನು ಮೇಲೆ ನೋವಾದರೆ ನೋವು ಅನ್ನು. ನನಗೆ ಪರೀಕ್ಷೆ ಇದ್ದರೂ ಫೋನ್ ಮಾಡು. ಅಳುತ್ತೇನೆ, ಆದರೆ ಫೋನ್ ಇಡುವುದಿಲ್ಲ.