ನಮ್ಮ ನಡುಮನೆಯಲ್ಲಿ ನಿಮ್ಮ ಪಾಠ

ನಮ್ಮ ನಡುಮನೆಯನ್ನೇ ತರಗತಿ ಮಾಡಿಕೊಂಡಿರುವ ಸರ್ಕಾರಿ ವಸತಿ ಹೂಡಿಕೆ ಮಾರ್ಗದರ್ಶನ ಕೇಂದ್ರದ ಮಾನ್ಯ ನಿರ್ದೇಶಕರೇ,

ಬಾಡಿಗೆಗೆ ಕೊಡಲೆಂದು ಮೊದಲ ಸಲ ಮನೆ ಕೊಳ್ಳಹೊರಟವರಿಗೆ ನಿಮ್ಮ ಕೇಂದ್ರ ಉಚಿತ ಶಿಬಿರ ನಡೆಸುತ್ತದೆ. ಸಂತೋಷ. ಆದರೆ ನಾವು ಒಂಬತ್ತು ವರ್ಷದಿಂದ ಬಾಡಿಗೆಗಿರುವ ಮನೆ ಆ ಪಾಠದ ಪ್ರಯೋಗಶಾಲೆ, ನಾವು ಅದರ ಕಪ್ಪೆಗಳು ಎಂದು ತೀರ್ಮಾನಿಸಿದವರು ಯಾರು? ಮಾಲೀಕರು ಮನೆಯನ್ನು ನಿಮ್ಮ ಕೇಂದ್ರದ ಮಾರಾಟದ ಪಟ್ಟಿಗೆ ಸೇರಿಸಿದ್ದೇ ತಡ, ಸತತ ಮೂರು ಭಾನುವಾರ ನಿಮ್ಮ ಮಾರ್ಗದರ್ಶಕರು ಹದಿನಾಲ್ಕು ಮಂದಿ ಶಿಷ್ಯರೊಂದಿಗೆ ಕೆಸರುಬೂಟಿನಲ್ಲಿ ಒಳನುಗ್ಗಿದರು. ಎಲ್ಲರ ಕೈಯಲ್ಲೂ ನಿಮ್ಮ ಕೈಪಿಡಿ: 'ಹೊಸ ಹೂಡಿಕೆದಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು'. ನಾನೂ ಓದಿದೆ. ಬಾಡಿಗೆಯಲ್ಲೇ ಸಾಲದ ಕಂತು ತೀರುತ್ತದೆಯೇ, ಹಳೆಯದು ಲೇಸೋ ಹೊಸದು ಲೇಸೋ, ಸೋರಿಕೆ ಪತ್ತೆಹಚ್ಚುವುದು ಹೇಗೆ, ಒಳಗಿರುವವರನ್ನು ಎಬ್ಬಿಸುವುದು ಹೇಗೆ. ಸೋರಿಕೆಗೂ ನಮಗೂ ಒಂದೇ ಪುಟ. ಮನೆ ನಿಮಗೆ ಹೂಡಿಕೆ, ನಮಗೆ ಹೊದಿಕೆ ಎಂಬ ಸಣ್ಣ ಸಂಗತಿಗೆ ಮಾತ್ರ ಅಲ್ಲಿ ಜಾಗವಿಲ್ಲ.

ನಾನು ಪದವಿ ಮುಗಿಸಿ ಪೇಂಟ್ ಅಂಗಡಿ ಸೇರಿದವನು. ಬಣ್ಣ ಸರಿಬರಲಿಲ್ಲವೆಂದು ಗಿರಾಕಿಗಳು ಬಿಟ್ಟುಹೋದ ಡಬ್ಬಗಳನ್ನು ತಂದು ಈ ಗೋಡೆಗಳಿಗೆ ನಾಲ್ಕು ಸಲ ಬಳಿದಿದ್ದೇನೆ. ಮಲಗುವ ಕೋಣೆಯ ಗೋಡೆಯ ತೇವ ಅದಕ್ಕೂ ಬಗ್ಗಲಿಲ್ಲ. ಬೀರು ಅಡ್ಡ ನಿಲ್ಲಿಸಿದ್ದೇವೆ. ಎರಡನೇ ಭಾನುವಾರ ಬೆಳಗ್ಗೆ, ಬೀರು ಸರಿಸಿಬಿಡೋಣ, ಬಂದವರು ನೋಡಿ ಓಡಲಿ ಎಂದೆ. ನೆಲ ಉಜ್ಜುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ.

"ಬಂದೋರ ಮುಂದೆ ಮನೆ ಮಾನ ಕಳೀಬೇಕಾ?"

"ಯಾರ ಮನೆ?"

"ಇರೋ ತನಕ ನಮ್ದೇ. ಕಾಲೆತ್ರೀ, ಅಲ್ಲಿ ಒದ್ದೆಯಿದೆ."

ಅವಳು ಉಜ್ಜಿದ್ದಕ್ಕೆ, ನಾನು ಬಳಿದದ್ದಕ್ಕೆ ನಿಮ್ಮ ಕೇಂದ್ರ ತನ್ನ ವರದಿಯಲ್ಲಿ ದಯಪಾಲಿಸಿದ ಪ್ರಶಸ್ತಿ ಇದು: 'ನಿರ್ವಹಣೆ ಉತ್ತಮ. ಖಾಲಿಯಾದಲ್ಲಿ ಬೇಡಿಕೆ ಹೆಚ್ಚು.' ತೊಳೆದವಳಿಗೆ ತೊಲಗು, ಬಳಿದವನಿಗೆ ಬಾಗಿಲು. ಗಬ್ಬೆಬ್ಬಿಸಿಕೊಂಡು ಬಿದ್ದಿದ್ದರೆ ಇನ್ನೂ ಒಂಬತ್ತು ವರ್ಷ ನಿಶ್ಚಿಂತೆಯಾಗಿ ಇರುತ್ತಿದ್ದೆವೇನೋ.

ನಮ್ಮತ್ತೆಗೆ ಎಪ್ಪತ್ತೆಂಟು. ಆರು ವರ್ಷದ ಹಿಂದೆ, ಇದೇ ಮನೆಯಲ್ಲಿರುವಾಗ, ಎರಡೂ ಕಣ್ಣು ಹೋದವು. ಅಂದಿನಿಂದ ಅವರು ಮನೆಯನ್ನು ಅಂಗೈಯಲ್ಲಿ ಕಲಿತರು: ಅಡುಗೆಮನೆ ಬಾಗಿಲ ಚೌಕಟ್ಟಿನಲ್ಲಿ ಎದ್ದ ಚಕ್ಕೆ, ಬಚ್ಚಲಿನ ಮೆಟ್ಟಿಲು, ಬಿಸಿಲು ಬೀಳುವ ಕಿಟಕಿ. ಯಾರ ಕೈಯೂ ಹಿಡಿಯದೆ ಓಡಾಡುತ್ತಾರೆ, ತಮ್ಮ ಟೀ ತಾವೇ ಕಾಸಿಕೊಳ್ಳುತ್ತಾರೆ. ಮೂರನೇ ಭಾನುವಾರ ಅವರು ಕುರ್ಚಿಯಲ್ಲಿ ಕೂತಿದ್ದಾಗ ನಿಮ್ಮ ಮಾರ್ಗದರ್ಶಕರು ಅವರ ತಲೆಯ ಮೇಲಿಂದಲೇ ಬೋಧಿಸಿದರು:

"ಖಾಲಿ ಮಾಡ್ಸಿಯೇ ತಗೊಳ್ಳಿ ಸರ್. ಕೂತೋರು ಅಷ್ಟು ಸುಲಭಕ್ಕೆ ಏಳಲ್ಲ."

ಅತ್ತೆ ಎದ್ದು ನಿಂತರು. "ಇಗೋ, ಎದ್ದೆ ಕಣಪ್ಪ. ಕುರ್ಚಿ ಬೇಕಿತ್ತಾ? ಬಾಯಿಬಿಟ್ಟು ಕೇಳಬಾರ್ದಾ?"

ಗೋಡೆ ಸವರುತ್ತಾ ಕಿಟಕಿಯತ್ತ ನಡೆದರು. ಅದನ್ನು ನೋಡಿದ ಶಿಷ್ಯರೊಬ್ಬರು ಪೆನ್ನು ತೆಗೆದರು. "ಅಜ್ಜಿಗೆ ಕಣ್ಣು ಕಾಣಲ್ವಾ? ಹಂಗಿದ್ರೆ ಖಾಲಿ ಮಾಡ್ಸೋಕೆ ಕಾನೂನಲ್ಲಿ ತೊಂದ್ರೆ ಆಗುತ್ತಾ?"

"ಒಳ್ಳೆ ಪ್ರಶ್ನೆ," ಎಂದರು ನಿಮ್ಮ ಮಾರ್ಗದರ್ಶಕರು.

ಹದಿಮೂರು ಜನ ಬರೆದುಕೊಂಡರು. ಮಾನ್ಯರೇ, ಮನೆ ಕೊಳ್ಳುವುದು ತಪ್ಪಲ್ಲ, ಬಾಡಿಗೆ ಬಯಸುವುದೂ ತಪ್ಪಲ್ಲ. ಆದರೆ ಇಂಥ ಪ್ರಶ್ನೆಗೆ ನಾಚಬೇಕೆಂದು ಗೊತ್ತಿಲ್ಲದವರಿಗೆ, ನಾಚಬೇಕಿಲ್ಲ ಎಂದು ಸರ್ಕಾರಿ ಖರ್ಚಿನಲ್ಲಿ ಕಲಿಸುವ ವಿದ್ಯೆಗೆ ಏನೆನ್ನುತ್ತಾರೆ?

ಮನೆ ಕೊಂಡವರು ಆ ಒಳ್ಳೆ ಪ್ರಶ್ನೆಯವರೇ. ತಿಂಗಳ ಕೊನೆಗೆ ಬಿಡಬೇಕೆಂದು ನೋಟಿಸ್ ಬಂದಿದೆ. ನಿಮ್ಮ ಪಟ್ಟಿಯಿಂದ ಮಾರಾಟವಾದ ಮನೆಯಾದ್ದರಿಂದ, ಅದು ಜಾರಿಯಾಗಲು ನಿಮ್ಮ ಸಹಿಯೊಂದೇ ಬಾಕಿ. ಬೇರೆ ಮನೆ ನಮಗೆ ಸಿಕ್ಕೀತು. ಆದರೆ ಅಲ್ಲಿ ಅತ್ತೆ ಮಂಚಕ್ಕಂಟಿ ಕೂತು, ನೀರಿಗೂ ನಮ್ಮನ್ನು ಕೂಗಬೇಕು. ನೋಟಿಸಿನ ಸುದ್ದಿ ಅವರಿಗಿನ್ನೂ ಹೇಳಿಲ್ಲ. ದಿನಾ ಪತ್ರಿಕೆ ಓದಿಹೇಳುವವಳು ನನ್ನ ಹೆಂಡತಿ. ಈ ಬಹಿರಂಗ ಪತ್ರ ಅಚ್ಚಾದ ದಿನ ಈ ಪುಟವನ್ನು ಅವಳು ಸುಮ್ಮನೆ ಮಗುಚುತ್ತಾಳೆ.

ನನ್ನ ಬೇಡಿಕೆ ಒಂದೇ. ಆ ನೋಟಿಸಿಗೆ ಸಹಿ ಹಾಕಬೇಡಿ. ಕೊಂಡವರು ನಮ್ಮನ್ನು ಇಟ್ಟುಕೊಂಡೇ ಮನೆ ಇಟ್ಟುಕೊಳ್ಳಲಿ. ಹಾಕಲೇಬೇಕೆಂದಿದ್ದರೆ, ಮೊದಲು ಒಬ್ಬರೇ ಬಂದು ಆ ಸುದ್ದಿಯನ್ನು ನಮ್ಮತ್ತೆಗೆ ನೀವೇ ಹೇಳಿ. ನಮ್ಮಿಬ್ಬರಿಗೂ ಬಾಯಿ ಬರುತ್ತಿಲ್ಲ.

ಇಂತಿ,
ನಿಮ್ಮ ವರದಿಯಲ್ಲಿ ಇನ್ನೂ ಖಾಲಿಯಾಗದ ಒಬ್ಬ