ಈ ಏಪ್ರಿಲ್ ನಮ್ಮ ಸರದಿ ಇಲ್ಲ

ಮಾರ್ಚ್ ೧೪, ಗುರುವಾರ

ಒಬ್ಬೇ ಒಬ್ಬ ಆಟಗಾರನಿಗಾಗಿ ನಾವು ಬೆಂಬಲಿಸುವ ಅಮೆರಿಕನ್ ಫುಟ್‌ಬಾಲ್ ತಂಡ, ಪ್ರತಿ ಏಪ್ರಿಲ್‌ನಲ್ಲಿ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವಾಗ ತನಗೆ ಸಿಗುವ ಮೊದಲ ಸುತ್ತಿನ ಸರದಿಯನ್ನು ಈ ಏಪ್ರಿಲ್‌ನಿಂದ ಮೂರು ವರ್ಷ ಬೇರೆ ತಂಡಕ್ಕೆ ಬಿಟ್ಟುಕೊಟ್ಟಿದೆ. ೧೯೮೯ರಲ್ಲೂ ಒಂದು ತಂಡದವರು ಹೀಗೇ ಮಾಡಿ ಮಣ್ಣು ಮುಕ್ಕಿದ್ದರು, ಯಾರಿಗೂ ನೆನಪಿಲ್ಲ. ಆಸ್ಪತ್ರೆಯಲ್ಲಿ ಮಲಗಿರುವ ಅಣ್ಣ ಸ್ಟಾನಿಯ ಮುಂದೆ ಕೂಗಾಡಿದೆ.

“ಸಾಕು ಸುಮ್ನಿರೋ ಪಂಡಿತ! ಮೂರು ವರ್ಷ ಕಾಯೋಕೆ ನನ್ ಹತ್ರ ಟೈಮ್ ಎಲ್ಲಿದೆ? ಈ ಸೀಸನ್ ಗೆಲ್ಲೋದು ನೋಡ್ಕೊಂಡು ಹೋಗ್ತೀನಿ,” ಎಂದು ನಕ್ಕ.

ಅವನು ಈ ಬೇಸಿಗೆ ದಾಟುವುದಿಲ್ಲವೆಂದು ಡಾಕ್ಟರು ನನಗಷ್ಟೇ ಹೇಳಿದ್ದಾರೆ. ಆಟ ಶುರುವಾಗುವುದು ಸೆಪ್ಟೆಂಬರಿನಲ್ಲಿ.

ಪ್ರತಿ ಏಪ್ರಿಲ್ ಆಯ್ಕೆಯ ಸಂಜೆ ಅವನ ಸೋಫಾದಲ್ಲಿ ಟಿವಿ ಮುಂದೆ ಪಿಯರೋಗಿ ಕಡುಬು ತಿನ್ನುತ್ತ, ನಮ್ಮವರು ಯಾರ ಹೆಸರು ಕೂಗುತ್ತಾರೆಂದು ಇಬ್ಬರೂ ಜಗಳವಾಡುತ್ತಿದ್ದೆವು. ಏಪ್ರಿಲ್‌ವರೆಗಾದರೂ ಅವನು ಇರುತ್ತಾನೆ. ಈ ಏಪ್ರಿಲ್‌ನ ಸರದಿಯೊಂದನ್ನಾದರೂ ಮಾರದೆ ಉಳಿಸಿದ್ದರೆ…